ಓಮ್ ಕೂಡಿಸುವ ಕೆಲಸ

ಜನವರಿ 10, ಬುಧವಾರ

ಮನೆಯಲ್ಲಿ ಮಾತು ನಿಂತುಹೋಗಿದೆ. ಅದಕ್ಕೇ ಬರೆಯಲು ಕೂತೆ.

ಮದುವೆಯಾಗಿ ಬಂದಾಗಿನಿಂದ ಈ ಮನೆಯಲ್ಲಿ ಮಾತಾಡಿದವರು ಇವರು, ಕೇಳಿದವಳು ನಾನು. ಚಹಾ ಆರುತ್ತಿತ್ತು, ಇವರ ಮಾತು ಆರುತ್ತಿರಲಿಲ್ಲ. ದೀಪಾವಳಿ ಮುಗಿದ ವಾರದಲ್ಲಿ ಅಂಗಡಿಯಲ್ಲೇ ಕುಸಿದರು. ಹುಬ್ಬಳ್ಳಿಯ ಡಾಕ್ಟರು ಜೀವ ಉಳಿಸಿಕೊಟ್ಟರು. ಬಲಗೈ ಸತ್ತಂತಾಯಿತು. ಮಾತು ಹೋಯಿತು. ನಾವು ಹೇಳಿದ್ದೆಲ್ಲ ಅವರಿಗೆ ತಿಳಿಯುತ್ತದೆ, ತಿರುಗಿ ಹೇಳಲು ಪದ ಸಿಗುವುದಿಲ್ಲ ಎಂದರು ಡಾಕ್ಟರು. ಈಗ ಇವರ ಬಾಯಲ್ಲಿ ಉಳಿದಿರುವುದು "ಅದು" ಎಂಬ ಒಂದೇ ಪದ. ನೀರಿಗೂ ಅದು, ಸಿಟ್ಟಿಗೂ ಅದು, ನನ್ನ ಹೆಸರಿಗೂ ಅದೇ.

ಇವತ್ತು ಮೈದುನ ಹೊನ್ನೇಶ ಬಂದಿದ್ದ. ಅಣ್ಣನ ಮುಖ ನೋಡಲಾಗದೆ ಪಡಸಾಲೆಯಲ್ಲೇ ಕೂತು, ದನಿ ತಗ್ಗಿಸಿ ಹೇಳಿದ:

"ವೈನಿ, ಅಣ್ಣಾ ಇನ್ನ ಕಾರಿಗೆ ಸ್ಪೀಕರ್ ಕೂಡಸೂದು ಆಗದ ಮಾತು. ಅಂಗಡಿ ಬಾಗಲಾ ಹಾಕಿ ಎಷ್ಟ ದಿನಾ ಇಡ್ತೀರಿ? ಮೊಬೈಲ್ ಕವರ್ ಮಾರಾಂವ ಒಬ್ಬಾಂವ ಕೇಳಾಕತ್ತಾನ. ಬಾಡಿಗಿಗೆ ಕೊಟ್ಟಬಿಡೂಣು."

"ಇವರು ಆರಾಮಾಗ್ಲಿ. ಅವರಽ ಹೇಳ್ತಾರ," ಎಂದೆ.

ಗದಗಿನ ಮುಳಗುಂದ ನಾಕಾದ ಹತ್ತಿರದ ಆ ಅಂಗಡಿ ಇವರದು. ನಾನು ಹೇಳಲು ಯಾರು?

ಜನವರಿ 15, ಸೋಮವಾರ

ಸಂಕ್ರಾಂತಿ. ಸಜ್ಜೆ ರೊಟ್ಟಿ ಬಡಿದೆ. ಇವರಿಗೆ ಸಣ್ಣ ಸಣ್ಣ ತುತ್ತು ಮಾಡಿ ಉಣಿಸಿದೆ. ಮುಂದ್ರಗಿಯಿಂದ ಮಗಳು ಸೌಂದರ್ಯಾ ಫೋನ್ ಮಾಡಿದಳು. ಫೋನನ್ನು ಇವರ ಕಿವಿಗೆ ಹಿಡಿದೆ. "ಅದು... ಅದು..." ಎಂದರು. ಆ ಕಡೆ ಅವಳು ಅಳುತ್ತಿದ್ದುದು ನನಗೂ ಕೇಳಿಸಿತು.

ಮಧ್ಯಾಹ್ನ ಬೆಟಗೇರಿಯ ತವರಿಗೆ ಎಳ್ಳು-ಬೆಲ್ಲ ಕೊಡಲು ಹೋಗಿದ್ದೆ. ನಮ್ಮ ಓಣಿಯಲ್ಲಿ ಈಗ ಒಂದು ಮನೆಯಲ್ಲಿ ಮಾತ್ರ ಮಗ್ಗದ ಸದ್ದು. ನಾನು ಸಣ್ಣವಳಿದ್ದಾಗ ಎರಡೂ ಬದಿಯ ಮನೆಗಳಲ್ಲಿ ಮಗ್ಗ ನಡೆಯುತ್ತಿದ್ದವು. ಊಟಕ್ಕೆ ಕೂತರೆ ತಾಟಿನೊಳಗಿನ ಸಾರು ನಡುಗುತ್ತಿತ್ತು. ಆ ಸದ್ದು ಕಿವಿಗಿಂತ ಮೊದಲು ನೆಲದಿಂದ ಬರುತ್ತಿತ್ತು. ಅಂಗಾಲಿನಿಂದ ಹತ್ತಿ ಎದೆಗೆ ಬಂದು ಕೂಡುತ್ತಿತ್ತು. ಅಪ್ಪ ಮಧ್ಯಾಹ್ನ ಮಗ್ಗ ನಿಲ್ಲಿಸಿದರೆ ತೊಟ್ಟಿಲಲ್ಲಿದ್ದ ತಮ್ಮ ಎಚ್ಚರವಾಗಿ ಅಳುತ್ತಿದ್ದ.

ಅಪ್ಪನ ಮಗ್ಗದ ಮೇಲೆ ಒಂದು ರೇಡಿಯೋ ತೂಗುತ್ತಿತ್ತು. ಅದರ ದನಿ ಬಿದ್ದುಹೋದಾಗ ರಿಪೇರಿಗೆ ಬಂದವರೇ ಇವರು. ಆಗ ಕಡ್ಡಿಯಂತಿದ್ದರು. ರೇಡಿಯೋ ಬಿಚ್ಚಿ ನೋಡಿ ಅಪ್ಪನಿಗೆ ಹೇಳಿದ್ದು ನಿನ್ನೆ ಕೇಳಿದಂತಿದೆ: "ಕಾಕಾ, ಯಾರೋ ಇದಕ್ಕ ತಕ್ಕದ್ದಲ್ಲದ ಸ್ಪೀಕರ್ ಹಾಕ್ಯಾರ. ಕೂಡದ ಜಾತಕಾ ಕೂಡಸಿದ್ರ ಮನ್ಯಾಗ ಜಗಳ ಹತ್ತೂದಿಲ್ಲೇನ್ರಿ? ಹಂಗಽ ಇದು."

ನಾನು ಮೂಲೆಯಲ್ಲಿ ಕೂತು ಕಂಡಿಕೆಗೆ ನೂಲು ಸುತ್ತುತ್ತಿದ್ದೆ. ಬಾಯಿ ತಡೆಯಲಿಲ್ಲ. "ತಕ್ಕದ್ದು ಅಂತ ಹ್ಯಾಂಗ ಗೊತ್ತಾಗತೈತಿ?" ಎಂದೆ.

"ಎಲ್ಲಾ ಸ್ಪೀಕರಿನಾಗೂ ಕರೆಂಟಿಗೆ ಒಂದ ತಡಿ ಇರತೈತ್ರಿ. ಅದಕ್ಕ ಓಮ್ ಅಂತಾರ. ತಡಿ ಹೆಚ್ಚಾದ್ರ ಸದ್ದು ಸಣ್ಣ ಆಗತೈತಿ. ಕಡಿಮಿ ಆದ್ರ ಮಷೀನ್ ಸುಡತೈತಿ."

ನಮ್ಮವ್ವ ಅಮೃತವ್ವ ಒಳಗಿನಿಂದಲೇ ಕೇಳಿದಳು: "ಓಂ ಅಂದ್ರ ಸ್ವಾಮ್ಯಾರು ಹೇಳೂ ಓಂ ಏನೋ ತಮ್ಮಾ?"

"ಅದಽ ಅಂತ ತಿಳಕೋರಿ ಅವ್ವಾರ. ಹೆಚ್ಚು-ಕಡಿಮಿ ಮಾತ್ರ ಆಗಬಾರ್ದು."

ಅಪ್ಪ ಮಗ್ಗದ ಕುಣಿಯೊಳಗೆ ಕಾಲು ಇಳಿಬಿಟ್ಟು ಕೂತೇ ನಕ್ಕಿದ್ದ. ಆ ವರ್ಷವೇ ನಮ್ಮ ಮದುವೆಯಾಯಿತು.

ಎಷ್ಟು ಮಾತಿತ್ತು ಆ ಬಾಯಲ್ಲಿ.

ಜನವರಿ 24, ಬುಧವಾರ

ಲಕ್ಷ್ಮೇಶ್ವರದಿಂದ ನಿಜಾಮಣ್ಣ ಬಂದಿದ್ದರು. ಇವರ ಹಳೆಯ ಗೆಳೆಯ ನಿಜಾಮುದ್ದೀನ. ಬಾಡಿಗೆ ಗಾಡಿ ಓಡಿಸಿ ಈಗ ಬಿಟ್ಟಿದ್ದಾರೆ, ತಮ್ಮ ಬಿಳಿ ಸುಮೋ ಮಾತ್ರ ಮಾರಿಲ್ಲ. ಕ್ಯಾಸೆಟ್ಟಿನ ಕಾಲದಲ್ಲಿ ಆ ಸುಮೋದ ಡಿಕ್ಕಿಗೆ ಇವರು ಎರಡು ದೊಡ್ಡ ಸ್ಪೀಕರಿನ ಡಬ್ಬಿ ಕೂಡಿಸಿದ್ದರು. ಶಿರಹಟ್ಟಿ, ಲಕ್ಷ್ಮೇಶ್ವರದ ಮದುವೆಗಳಿಗೆ ಆ ಗಾಡಿಯೇ ಬೇಕೆಂದು ಜನ ತಾರೀಖು ಹಿಂದೆ-ಮುಂದೆ ಮಾಡುತ್ತಿದ್ದರು. ಗಾಡಿ ತಿರುವಿನಲ್ಲಿ ಇರುವಾಗಲೇ ಸದ್ದು ಹಂದರದೊಳಗೆ ಬಂದಿರುತ್ತಿತ್ತು.

ನಿಜಾಮಣ್ಣ ಇವರ ಕೈ ಹಿಡಿದು ಬಹಳ ಹೊತ್ತು ಕೂತರು. ಆಮೇಲೆ ನನ್ನ ಕಡೆ ತಿರುಗಿದರು.

"ತಂಗೆವ್ವಾ, ಡಬ್ಬ್ಯಾಗಿನ ಸ್ಪೀಕರ್ ಇಲಿ ತಿಂದಾವು. ಹುಬ್ಬಳ್ಳ್ಯಾಗ ಹೊಸಾವು ಎರಡ ತಂದೇನಿ. ಅಲ್ಲಿ ಅಂಗಡಿಯಾಂವ, ಹಳೀ ಆಂಪ್ಲಿಫೈಯರ್ ಒಗೀರಿ ಅಂದ. ಈಶಪ್ಪನ ಕೈ ಮುಟ್ಟಿದ ಮಷೀನ್ ಅದು. ನಾ ಒಗಿಯಂಗಿಲ್ಲ. ಇದಕ್ಕಽ ಅವನ್ನ ಕೂಡಸ್ಬೇಕು."

"ನನಗೆಲ್ಲಿ ಬರತೈತಿ ನಿಜಾಮಣ್ಣಾ? ಇವರು ಆರಾಮಾದ ಮ್ಯಾಲೆ..."

"ನಾಕನೇ ತಾರೀಖಿಗೆ ಮಗಳು ನಜಮಾನ ಮದಿವಿ ಐತೆವ್ವಾ. ತಾಯಿಲ್ಲದ ಕೂಸು. ಸಣ್ಣಾಕಿ ಇದ್ದಾಗ ಬಾಡಿಗಿಗೆ ಹೋದಲ್ಲೆಲ್ಲ ಅಕಿನ್ನ ಗಾಡ್ಯಾಗಽ ಕರ್ಕೊಂಡ ಹೊಕ್ಕಿದ್ದೆ. ಆ ಡಬ್ಬಿ ಮ್ಯಾಲ ಮಲಗಿ ನಿದ್ದಿ ಮಾಡಾಕಿ. ಹಾಡು ಬಂದ್ ಮಾಡಿದ್ರ ಎದ್ದ ಅಳಾಕಿ. ಅಕಿನ್ನ ಗಂಡನ ಮನಿಗೆ ಅದಽ ಗಾಡ್ಯಾಗ, ಅದಽ ಸದ್ದಿನಾಗ ಕಳಸ್ಬೇಕಂತ ಆಸೆ."

ಇವರು ಕೂತಲ್ಲಿಂದಲೇ "ಅದು! ಅದು!" ಎಂದರು. ಎಡಗೈಯಿಂದ ಬಾಗಿಲು ತೋರಿಸಿದರು. ಅಂಗಡಿಗೆ ಹೊರಡಬೇಕಂತೆ.

"ನೋಡು," ಎಂದರು ನಿಜಾಮಣ್ಣ. "ಮಾತ ಹೋಗೇತಿ, ತಲಿ ಹೋಗಿಲ್ಲ. ಅಂವ ತೋರಸ್ಲಿ, ನೀ ಮಾಡು."

ಜನವರಿ 27, ಶನಿವಾರ

ಬೆಳಿಗ್ಗೆ ನಿಜಾಮಣ್ಣನೇ ಬಂದು ಇವರನ್ನು ಹಿಡಿದುಕೊಂಡು ಅಂಗಡಿಗೆ ಕರೆದೊಯ್ದರು. ಶಟರ್ ಎತ್ತಿದಾಗ ಧೂಳಿನ ಜೊತೆ ಆ ಹಳೆಯ ವಾಸನೆ ಬಂತು. ಬೆಸುಗೆಯದು, ರಬ್ಬರಿನದು. ಇವರು ಕೌಂಟರಿನ ಮೇಲೆ ಎಡಗೈ ಆಡಿಸಿದರು, ಕುದುರೆಯ ಬೆನ್ನು ಸವರಿದ ಹಾಗೆ. ನಾನು ಧೂಳು ಒರೆಸುವ ನೆಪದಲ್ಲಿ ಅತ್ತ ತಿರುಗಿದೆ.

ನಿಜಾಮಣ್ಣ ಸುಮೋದಿಂದ ಡಬ್ಬಿ, ಆಂಪ್ಲಿಫೈಯರ್, ಹೊಸ ಸ್ಪೀಕರು ಎಲ್ಲ ಇಳಿಸಿ ಒಳಗಿಟ್ಟರು. ಹೊಸ ಸ್ಪೀಕರುಗಳು ಬೋಗುಣಿಯಷ್ಟು ದೊಡ್ಡವು. ಒಂದೊಂದಕ್ಕೂ ಎರಡೆರಡು ಜೊತೆ ತಂತಿಯ ಬಾಯಿ, ಅಂದರೆ ಒಂದೊಂದರಲ್ಲೂ ಎರಡು ತಂತಿ ಸುರುಳಿ. ಇವರು ಮಾಡುತ್ತಿದ್ದಂತೆ ಓಮ್ ಅಳೆಯುವ ಮೀಟರ್ ಹಿಡಿದು ನೋಡಿದೆ. ಸುರುಳಿಗೆ ಮೂರೂವರೆ ಚಿಲ್ಲರೆ ತೋರಿಸಿತು. ಮೀಟರಿನಲ್ಲಿ ಸ್ವಲ್ಪ ಕಡಿಮೆಯೇ ಬರುತ್ತದೆ, ಅದು ನಾಲ್ಕು ಓಮಿನದು ಎಂದು ಇವರಿಂದಲೇ ಎಷ್ಟೋ ಸಲ ಕೇಳಿದ್ದೇನೆ. ಹಳೆಯ ಆಂಪ್ಲಿಫೈಯರ್ ತಡೆಯುವುದೂ ನಾಲ್ಕೇ ಓಮ್. ಅದಕ್ಕಿಂತ ಕೆಳಗೆ ಇಳಿಯಬಾರದು.

ಇವರು ಎಡಗೈ ಬೆರಳಿನಿಂದ ತೋರಿಸಿದರು. ಎಲ್ಲ ಕೆಂಪು ತಂತಿಯೂ ಒಂದು ಕಡೆ, ಎಲ್ಲ ಕಪ್ಪು ತಂತಿಯೂ ಒಂದು ಕಡೆ. ನಾಲ್ಕೂ ಸುರುಳಿ ಪಕ್ಕಪಕ್ಕ. ಹಾಗೇ ಕೂಡಿಸಿ ಮೀಟರ್ ಹಿಡಿದರೆ ಒಂದು ಓಮೂ ಪೂರ್ತಿ ಇಲ್ಲ.

"ರೀ, ಒಂದಽ ತೋರಸಾಕತ್ತೈತ್ರಿ. ನಾಕ ಬೇಕಲ್ಲ?"

"ಅದು!"

"ಇನ್ನೊಮ್ಮೆ ನೋಡೂಣೇನ್ರಿ?"

"ಅದು! ಅದು!" ಕೌಂಟರ್ ಗುದ್ದಿದರು. ಮುಖ ಕೆಂಪಾಯಿತು. ಈ ಕೆಲಸದಲ್ಲಿ ಇವರು ತಪ್ಪಿದ್ದನ್ನು ನಾನು ಯಾವತ್ತೂ ಕಂಡಿಲ್ಲ. ಮೀಟರೇ ಕೆಟ್ಟಿರಬೇಕು ಎಂದುಕೊಂಡೆ. ತಂತಿ ಬಿಗಿದು ಹಾಡು ಹಚ್ಚಿದೆ.

ಒಂದು ಸಲ ಗುಡುಗಿತು. ಮರುಗಳಿಗೆಯಲ್ಲಿ ಆಂಪ್ಲಿಫೈಯರಿನ ಹಸಿರು ದೀಪ ಕೆಂಪಾಯಿತು. ಸುಟ್ಟ ವಾರ್ನಿಶಿನ ವಾಸನೆ. ನಿಜಾಮಣ್ಣ ಓಡಿ ಹೋಗಿ ಬ್ಯಾಟರಿಯ ತಂತಿ ಕಿತ್ತರು.

ಇವರು ಆ ಕೆಂಪು ದೀಪ ಆರಿದ ಜಾಗವನ್ನೇ ನೋಡುತ್ತಿದ್ದರು. ಹಾದಿ ತಪ್ಪಿದ ಮಗುವಿನ ಮುಖ. ಆ ಮುಖವನ್ನು ನಾನು ನೋಡಬಾರದಿತ್ತು.

ಜನವರಿ 28, ರವಿವಾರ

ಊಟ ಮಾಡಲಿಲ್ಲ. ಗೋಡೆಗೆ ಮುಖ ಮಾಡಿ ಮಲಗಿದ್ದಾರೆ.

ಜನವರಿ 30, ಮಂಗಳವಾರ

ಇವತ್ತು ಒಬ್ಬಳೇ ಅಂಗಡಿಗೆ ಹೋಗಿದ್ದೆ. ದೇವರು ದೊಡ್ಡವನು, ಆಂಪ್ಲಿಫೈಯರ್ ಸತ್ತಿಲ್ಲ. ತನ್ನನ್ನು ತಾನು ಕಾಯ್ದುಕೊಳ್ಳಲು ಬಾಯಿ ಮುಚ್ಚಿಕೊಂಡಿತ್ತಷ್ಟೇ. ಅಂಗಡಿಯ ಬ್ಯಾಟರಿಯಿಂದ ತಂತಿ ಕೊಟ್ಟಾಗ ಮತ್ತೆ ಹಸಿರು ದೀಪ.

ಇಲಿ ತಿಂದ ಹಳೆಯ ಸ್ಪೀಕರುಗಳು ಮೂಲೆಯಲ್ಲಿದ್ದವು. ತಿರುಗಿಸಿ ನೋಡಿದೆ. ಒಂದೊಂದಕ್ಕೆ ಒಂದೇ ಸುರುಳಿ, ಎಂಟು ಓಮಿನದು. ಎರಡನ್ನೂ ಪಕ್ಕಪಕ್ಕ ಕೂಡಿಸಿದರೆ ಸರಿಯಾಗಿ ನಾಲ್ಕು. ಅಂದರೆ ಇವರು ತೋರಿಸಿದ್ದು ತಪ್ಪಲ್ಲ. ಆ ಹಳೆಯ ಸ್ಪೀಕರಿಗೆ ಅದೇ ಸರಿ. ಇವರು ನನಗೆ ತೋರಿಸಿದ್ದು ಅಂದಿನ ಸುಮೋ.

ಪಾಠ ಹೇಳಿಕೊಟ್ಟವರೂ ಇವರೇ. ಒಮ್ಮೆ ಯಾರದೋ ಮದುವೆಯಲ್ಲಿ ಊಟದ ಮನೆಯ ಬಾಗಿಲಿಗೆ ಜನ ಮುಗಿಬಿದ್ದಾಗ ನನ್ನ ಕಿವಿಯಲ್ಲಿ ಹೇಳಿದ್ದರು: "ನೋಡ ಶಿವಿ, ಒಂದ ಬಾಗಲಾ ದಾಟಿ ಇನ್ನೊಂದ ಬಾಗಲಾ ಬಂದ್ರ ತಡಿ ಎರಡ ಪಟ್ಟು. ಬಾಜೂಕ ಬಾಜೂಕ ಎರಡ ಬಾಗಲಾ ಇದ್ರ ತಡಿ ಅರ್ಧ. ಓಮಿನ ಲೆಕ್ಕಾ ಇಷ್ಟಽ." ಊಟ ಬಿಟ್ಟು ಇದೇನು ಮಾತು ಎಂದು ನಾನು ಮೊಣಕೈಯಿಂದ ತಿವಿದಿದ್ದೆ.

ಹೋದ ದಸರೆಯಲ್ಲಿ ಇಂಥವೇ ಎರಡು ಸುರುಳಿಯ ಸ್ಪೀಕರುಗಳನ್ನು ಇವರು ಕೂಡಿಸುವಾಗ ಬ್ಯಾಟರಿ ದೀಪ ಹಿಡಿದು ನಿಂತವಳು ನಾನೇ. "ಮೊದಲ ಮನಿಯೊಳಗ ಕೂಡಸ್ಬೇಕು, ಆಮ್ಯಾಲ ಮನಿ-ಮನಿ ಕೂಡಸ್ಬೇಕು," ಎಂದು ಹಾಡಿನ ಹಾಗೆ ಹೇಳುತ್ತ ಕೆಲಸ ಮಾಡಿದ್ದರು. ಒಂದು ಸ್ಪೀಕರಿನ ಎರಡು ಸುರುಳಿಯನ್ನು ಒಂದರ ಹಿಂದೆ ಒಂದು ಕೂಡಿಸಿದರೆ ಎಂಟು. ಅಂಥ ಎರಡು ಸ್ಪೀಕರನ್ನು ಪಕ್ಕಪಕ್ಕ ಕೂಡಿಸಿದರೆ ನಾಲ್ಕು.

ಗೇಣುದ್ದದ ತಂತಿಯ ತುಂಡು ಕತ್ತರಿಸಿ ಸುರುಳಿಗೆ ಸುರುಳಿ, ಆಮೇಲೆ ಸ್ಪೀಕರಿಗೆ ಸ್ಪೀಕರ್ ಪಕ್ಕಪಕ್ಕ ಕೂಡಿಸಿದೆ. ಮೀಟರ್ ಹಿಡಿದೆ. ಮೂರೂವರೆ ಚಿಲ್ಲರೆ. ಅಂದರೆ ನಾಲ್ಕು.

ಸರಿ ಬಂತು. ಅಲ್ಲೇ ನೆಲದ ಮೇಲೆ ಕೂತು ಅತ್ತೆ. ಮೀಟರ್ ಕೆಟ್ಟಿದ್ದರೆ, ನಾನೇ ತಪ್ಪಿದ್ದರೆ ಎಷ್ಟು ಚೆನ್ನಾಗಿತ್ತು. ಹೋದ ದಸರೆ ಇವರ ತಲೆಯಿಂದ ಹೋಗಿದೆ. ಕ್ಯಾಸೆಟ್ಟಿನ ಕಾಲ ಉಳಿದಿದೆ. ನಾನು ಇಷ್ಟು ದಿನ ಬರೀ ಮಾತು ಹೋಗಿದೆ ಎಂದುಕೊಂಡಿದ್ದೆ.

ಹಾಡು ಹಚ್ಚಲಿಲ್ಲ. ಎಲ್ಲ ಬಿಚ್ಚಿಟ್ಟು ಬಂದೆ. ಇವರಿಲ್ಲದಾಗ ಕಳ್ಳಿಯ ಹಾಗೆ ಮಾಡಲು ಮನಸ್ಸು ಬರಲಿಲ್ಲ.

ಫೆಬ್ರವರಿ 1, ಗುರುವಾರ

"ಅಂಗಡಿಗೆ ಬರ್ರಿ. ನೀವು ಇಲ್ದ ನಾ ಹಾಡ ಹಚ್ಚಂಗಿಲ್ಲ," ಎಂದು ಬೆಳಿಗ್ಗೆ ಇವರ ಮುಂದೆ ಕೂತೆ. ಕೊನೆಗೆ ಎಡಗೈ ಚಾಚಿದರು. ಅಂಗಿ ತೊಡಿಸಿದೆ.

ನಿಜಾಮಣ್ಣ ಸುಮೋ ತಂದು ಅಂಗಡಿಯ ಮುಂದೆ ಹಿಂಬದಿ ಮಾಡಿ ನಿಲ್ಲಿಸಿದರು. ನಾನು ತಂತಿಯ ತುಂಡು ಕೈಗೆತ್ತಿಕೊಂಡೆ. ಇವರು ತಕ್ಷಣ ನನ್ನ ಕೈ ಹಿಡಿದು ಮತ್ತೆ ಅದೇ ತೋರಿಸಿದರು. ಕೆಂಪೆಲ್ಲ ಒಂದು ಕಡೆ, ಕಪ್ಪೆಲ್ಲ ಒಂದು ಕಡೆ. "ಅದು."

ನಿಜಾಮಣ್ಣ ನನ್ನ ಮುಖ ನೋಡಿದರು. ನಾನು ಇವರ ಕೈಯ ಮೇಲೆ ನನ್ನ ಇನ್ನೊಂದು ಕೈ ಇಟ್ಟೆ.

"ಬ್ಯಾಡ್ರಿ."

"ಅದು!"

"ಬ್ಯಾಡ ಅಂದೆ. ಈ ಸಲ ನಾ ಹೇಳಿದಂಗ. ಮೊದಲ ಮನಿಯೊಳಗ, ಆಮ್ಯಾಲ ಮನಿ-ಮನಿ. ನೀವಽ ಕಲಿಸೀರಿ. ನಿಮಗ ಮರತೈತಿ, ನನಗ ನೆನಪೈತಿ."

ನಿಮಗೆ ಮರೆತಿದೆ ಎಂದು ಇವರಿಗೆ ಹೇಳಿದ್ದೆ, ಅದೂ ನಿಜಾಮಣ್ಣನ ಎದುರಿಗೆ. ಇವರ ಕೈ ಮೆಲ್ಲಗೆ ಸಡಿಲಾಯಿತು. ಕುರ್ಚಿಗೆ ಒರಗಿ ಕಣ್ಣು ಮುಚ್ಚಿದರು.

ಕೂಡಿಸಿದೆ. ಮೀಟರ್ ಹಿಡಿದೆ. ಡಬ್ಬಿ ಮುಚ್ಚಿ ಡಿಕ್ಕಿಯಲ್ಲಿಟ್ಟೆ. ನಿಜಾಮಣ್ಣ ಪೆನ್ ಡ್ರೈವ್ ಚುಚ್ಚಿದರು. ಶಹನಾಯಿ ಬಂತು. ಅದರ ಹಿಂದೆಯೇ ಡೊಳ್ಳು.

ಅಂಗಡಿಯ ನೆಲ ನಡುಗಿತು. ಅಂಗಾಲಿನಿಂದ ಹತ್ತಿ ಎದೆಗೆ ಬಂದು ಕೂಡಿತು. ಕಣ್ಣು ಮುಚ್ಚಿದರೆ ನಮ್ಮ ಓಣಿ. ಎರಡೂ ಬದಿ ಮಗ್ಗ, ಅಪ್ಪನ ಕಾಲು ಕುಣಿಯೊಳಗೆ. ಕಪಾಟಿನ ಗಾಜು ಗಲಗಲ ಎಂದಾಗ ಕಣ್ಣು ಬಿಟ್ಟೆ. ಹಸಿರು ದೀಪ ಹಸಿರಾಗಿಯೇ ಇತ್ತು. ಹಾಡು ಮುಗಿದ ಮೇಲೂ ಹಸಿರು.

"ಯಾ ಅಲ್ಲಾ," ಎಂದರು ನಿಜಾಮಣ್ಣ. ಡಿಕ್ಕಿ ಹಿಡಿದುಕೊಂಡು ನಿಂತುಬಿಟ್ಟರು.

ಇವರ ಕಡೆ ನೋಡಿದೆ. ಎಡಗೈ ಹಸ್ತವನ್ನು ಕೌಂಟರಿನ ಮೇಲೆ ಹರಡಿ ಆ ನಡುಕವನ್ನು ಕೇಳುತ್ತಿದ್ದರು. ಮುಖದಲ್ಲಿ ಸಂತೋಷವೋ ಸಂಕಟವೋ ತಿಳಿಯಲಿಲ್ಲ. ಮನೆಗೆ ಬಂದ ಮೇಲೆ ಒಂದು ಸಲವೂ ನನ್ನ ಕಡೆ ನೋಡಲಿಲ್ಲ.

ಫೆಬ್ರವರಿ 4, ರವಿವಾರ

ಲಕ್ಷ್ಮೇಶ್ವರಕ್ಕೆ ಹೋಗಿ ಬಂದೆವು. ನಜಮಾ ಕೆಂಪು ಸೀರೆಯಲ್ಲಿ ಗೊಂಬೆಯ ಹಾಗಿದ್ದಳು. ಕಳಿಸಿಕೊಡುವ ಹೊತ್ತಿಗೆ ಸುಮೋ ಬಾಗಿಲಿಗೆ ಬಂತು. ಹತ್ತುವ ಮೊದಲು ಹಿಂದೆ ಹೋಗಿ ಡಿಕ್ಕಿ ತೆರೆಸಿದಳು. ಸಣ್ಣಗೆ ಹಾಡು ನಡೆದಿತ್ತು. ಮೆಹೆಂದಿಯ ಕೈಯನ್ನು ಡಬ್ಬಿಯ ಮೇಲಿಟ್ಟು, "ಅಬ್ಬಾ, ಬಂದ್ ಮಾಡಬ್ಯಾಡ್ರಿ," ಎಂದು ಅಪ್ಪನಿಗೆ ಹೇಳಿದಳು. ನಿಜಾಮಣ್ಣ ತಲೆಯ ಮೇಲಿನ ರುಮಾಲು ತೆಗೆದು ಅದರಲ್ಲೇ ಮುಖ ಮುಚ್ಚಿಕೊಂಡರು.

ಬೀಗರು ಯಾರೋ, ಇದನ್ನು ಕೂಡಿಸಿದವರು ಯಾರು ಎಂದು ಕೇಳಿದರು. ನಿಜಾಮಣ್ಣ ನನ್ನನ್ನು ತೋರಿಸಿ, "ನಮ್ಮ ತಂಗಿ. ಗದಗಿನಾಕಿ," ಎಂದರು. ಇವರು ಪಕ್ಕದಲ್ಲೇ ಕೂತಿದ್ದರು. ನೆಲ ಬಿರಿಯಬಾರದೇ ಎನಿಸಿತು.

ವಾಪಸ್ಸು ಬರುವಾಗ ಬಸ್ಸಿನಲ್ಲಿ ಇವರು ಕಿಟಕಿಯ ಹೊರಗೇ ನೋಡುತ್ತಿದ್ದರು. ಕಡಲೆ ಹೊಲಗಳು ಒಣಗಿ ಕೊಯ್ಲಿಗೆ ಬಂದಿವೆ. ಮೊದಲು ಈ ದಾರಿಯಲ್ಲಿ ಬಂದರೆ ಒಂದೊಂದು ಗಿಡಕ್ಕೂ ಇವರ ಹತ್ತಿರ ಒಂದು ಕತೆ ಇರುತ್ತಿತ್ತು. ಇಲ್ಲಿ ಟೆಂಪೊ ಕೆಟ್ಟಿತ್ತು, ಇಲ್ಲಿ ಮಳೆಯಲ್ಲಿ ಕ್ಯಾಸೆಟ್ಟಿನ ಪೆಟ್ಟಿಗೆ ತೋಯ್ದಿತ್ತು. ಮುಳಗುಂದ ದಾಟಿದ ಮೇಲೆ ನಾನೇ ಹೇಳತೊಡಗಿದೆ. "ನೋಡ್ರಿ, ಇಲ್ಲೇ ಅಲ್ಲೇನು ಟೆಂಪೊ ಕೆಟ್ಟಿದ್ದು?" ತಿರುಗಲಿಲ್ಲ. ಆದರೂ ಗದಗ ಬರುವ ತನಕ ಹೇಳುತ್ತಲೇ ಇದ್ದೆ. ಗಂಟಲು ನೋವು ಬಂದಿದೆ.

ಫೆಬ್ರವರಿ 19, ಸೋಮವಾರ

ಬರೆಯಲು ಪುರುಸೊತ್ತಾಗಿಲ್ಲ. ಹರ್ತಿಯ ಗಾಳೆಪ್ಪ ಟ್ರ್ಯಾಕ್ಟರ್ ತಂದು ನಿಲ್ಲಿಸಿದ್ದ. ಲಕ್ಷ್ಮೇಶ್ವರದ ಮದುವೆಯಲ್ಲಿ ಸದ್ದು ಕೇಳಿ ಬಂದನಂತೆ. ಇಂಜಿನ್ನಿನ ಗದ್ದಲದ ಮೇಲೂ ಕೇಳಬೇಕು ಎಂದ. ಎಲ್ಲ ಸ್ಪೀಕರನ್ನೂ ಪಕ್ಕಪಕ್ಕ ಕೂಡಿಸಿ ಜೋರು ಮಾಡು ಎಂದು ಅವನ ಹಟ. "ತಮ್ಮಾ, ಒಂದ ದಿನಾ ಜೋರ ಕೇಳತೈತಿ, ಮರುದಿನಾ ಮಷೀನ್ ಸುಡತೈತಿ. ಯಾವ್ದ ಬೇಕು ಹೇಳು," ಎಂದೆ. ಕೀಲಿ ನನ್ನ ಕೈಗೆ ಕೊಟ್ಟ.

ಅಷ್ಟರಲ್ಲಿ ಹೊನ್ನೇಶ ಆ ಮೊಬೈಲ್ ಕವರಿನವನನ್ನು ಕರೆದುಕೊಂಡು ಬಂದ. ನಾನು ಟ್ರ್ಯಾಕ್ಟರಿನ ಕೆಳಗೆ ತಂತಿ ಎಳೆಯುತ್ತಿದ್ದೆ. "ಕೆಲಸ ಐತಿ ಹೊನ್ನೇಶ, ಆಮ್ಯಾಲ ಮಾತಾಡೂಣು," ಎಂದೆ. ಹೊರಬಂದು ನೋಡುವಷ್ಟರಲ್ಲಿ ಇಬ್ಬರೂ ಹೋಗಿದ್ದರು. ಪಾಪ, ಒಂದು ಚಹಾ ಕೊಡಬೇಕಿತ್ತು.

ಇವರು ಮದುವೆಯಿಂದ ಬಂದ ಮೇಲೆ ಅಂಗಡಿಗೆ ಕಾಲಿಟ್ಟಿಲ್ಲ. ಕರೆದರೆ ತಲೆ ಅಲ್ಲಾಡಿಸುತ್ತಾರೆ. ಸಂಜೆ ನಾನು ದಿನದ ಕೆಲಸವನ್ನೆಲ್ಲ ಒಂದೊಂದಾಗಿ ಹೇಳುತ್ತೇನೆ. ಎಷ್ಟು ಓಮ್ ಬಂತು, ಯಾವ ತಂತಿ ಎಲ್ಲಿಗೆ ಹೋಯಿತು. ಕೇಳುತ್ತಾರೋ ಇಲ್ಲವೋ. ನನ್ನ ಚಹಾ ಆರಿಹೋಗುತ್ತದೆ.

ಮಾರ್ಚ್ 6, ಬುಧವಾರ

ಮುಂದ್ರಗಿಯಲ್ಲಿ ಸೌಂದರ್ಯಾಳ ಮನೆಯ ಹತ್ತಿರವೇ ಒಂದು ಗಾಡಿಯ ಕೆಲಸವಿತ್ತು. ಬೆಳಿಗ್ಗೆ ಪಕ್ಕದ ಮನೆಯ ಫಕೀರಬಿಗೆ ಇವರನ್ನು ನೋಡಿಕೊಳ್ಳಲು ಹೇಳಿ ಹೋದೆ. ಕೆಲಸ ಮುಗಿಸಿ, ಮಗಳ ಕೈಯಲ್ಲಿ ಊಟ ಮಾಡಿ ಬಸ್ಸು ಹತ್ತಿದೆ. ಮುಳಗುಂದ ನಾಕಾದಲ್ಲಿ ಇಳಿದಾಗ ಇನ್ನೂ ಬಿಸಿಲಿತ್ತು. ನೋಡಿದರೆ ಅಂಗಡಿಯ ಶಟರ್ ಅರ್ಧ ಎದ್ದಿದೆ.

ಕಳ್ಳರೆಂದು ಓಡಿದೆ. ಹೊರಗಿನ ಕಟ್ಟೆಯ ಮೇಲೆ ಫಕೀರಬಿ ಬೀಸಣಿಗೆ ಹಿಡಿದು ಕೂತಿದ್ದಳು. "ನಾ ಏನ್ ಮಾಡ್ಲೆವ್ವಾ, ಕೀಲಿ ತಗೊಂಡು ಹೊಂಟಬಿಟ್ರು. ಕೋಲ ಹಿಡ್ಕೊಂಡು ಒಬ್ರಽ. ನಾ ಹಿಂದಿಂದ ಓಡಿ ಬಂದೆ," ಎಂದಳು.

ಬಗ್ಗಿ ಒಳಗೆ ಹೋದೆ. ಇವರು ನೆಲದ ಮೇಲೆ ಕಾಲು ಚಾಚಿ ಕೂತಿದ್ದರು. ಮಡಿಲಲ್ಲಿ ತಂತಿಯ ಕಟ್ಟು. ಸುತ್ತಲೂ ಗೇಣುದ್ದದ ತುಂಡುಗಳು. ಸುರುಳಿಗೆ ಸುರುಳಿ ಕೂಡಿಸಲು ನಾನು ಕತ್ತರಿಸುತ್ತೇನಲ್ಲ, ಅದೇ ಅಳತೆ. ಪಕ್ಕಪಕ್ಕ ಕೂಡಿಸುವವರಿಗೆ ಇಷ್ಟು ತುಂಡು ಬೇಕಾಗುವುದೇ ಇಲ್ಲ. ಎರಡೂ ತುದಿಯ ಪ್ಲಾಸ್ಟಿಕ್ ಸುಲಿದು, ಎಡಗೈಯಿಂದಲೇ ತಾಮ್ರದ ಎಳೆಗಳನ್ನು ಹೊಸೆದು ಇಟ್ಟಿದ್ದರು. ಕೆಲವು ಸೊಟ್ಟ, ಕೆಲವಕ್ಕೆ ಎಳೆ ಹರಿದಿದೆ. ಬಲಗೈ ತೊಡೆಯ ಮೇಲೆ ತಂತಿಯನ್ನು ಒತ್ತಿ ಹಿಡಿಯುವ ಕಲ್ಲಿನ ಹಾಗೆ ಬಿದ್ದಿತ್ತು. ಸುಲಿಯುತ್ತಿದ್ದುದು ಹಲ್ಲಿನಿಂದ.

ನನ್ನನ್ನು ಕಂಡು ಬಾಯೊಳಗಿನ ತುಂಡು ತೆಗೆದು ನನ್ನ ಕಡೆ ಚಾಚಿದರು.

"ಅದು," ಎಂದರು. ಸರಿ ಇದೆಯೇ ಎಂದು ಕೇಳುವ ದನಿ.

ತಗೊಂಡು ನೋಡಿದೆ. ತಂತಿ ಜೊಲ್ಲಿನಿಂದ ಒದ್ದೆಯಾಗಿತ್ತು.

"ಅಳತಿ ಬರೋಬ್ಬರಿ ಐತಿ. ಆದ್ರ ಹಲ್ಲಿಲೆ ಸುಲೀತಾರೇನ್ರಿ? ಇದ್ದ ನಾಕ ಹಲ್ಲೂ ಹೋದ್ರ ರೊಟ್ಟಿ ಯಾರ ಕಡದ ಕೊಡ್ತಾರ, ನಾನೇನು?"

ಬಾಯಿಯ ಒಂದು ಬದಿ ಮೇಲೆ ಹೋಯಿತು. ಭುಜ ಅಲುಗಿತು. ಏನಾಯಿತೋ ಎಂದು ಗಾಬರಿಯಾದೆ. ನಗುತ್ತಿದ್ದರು. ದೀಪಾವಳಿಯ ನಂತರ ಮೊದಲ ಸಲ. ಹೊರಗಿನಿಂದ ಫಕೀರಬಿ, "ಏನಾತೆವ್ವಾ?" ಎಂದು ಕೂಗಿದಳು. ನಾನೂ ನಗುತ್ತ ನೆಲದ ಮೇಲೆ ಕೂತುಬಿಟ್ಟಿದ್ದೆ.

ನಾಳೆ ಶಿರಹಟ್ಟಿಯಿಂದ ಒಂದು ಗಾಡಿ ಬರುವುದಿದೆ. ಬೆಳಿಗ್ಗೆ ಪೇಟೆಗೆ ಹೋಗಿ ಎಡಗೈಗೆ ಒಗ್ಗುವ, ತಂತಿ ಸುಲಿಯುವ ಒಂದು ಪಕ್ಕಡ ತರಬೇಕು.